ಗುಬ್ಬಿ ಕಾರ್ಡಿನ ಮಗು

ಮರಳೂರು, ತುಮಕೂರು
12 ಜೂನ್ 2025, ಗುರುವಾರ

ಪ್ರೀತಿಯ ರಂಗಣ್ಣನಿಗೆ,

ನಿನ್ನ ಮಗಳಿಗೆ ದಡಾರದ ಲಸಿಕೆ ಹಾಕದೆ ವಾಪಸ್ ಕಳಿಸಿದವನಿಗೆ ಬರುವ ಸೋಮವಾರ ಸನ್ಮಾನ ಮಾಡುತ್ತಾರಂತೆ. ಇದನ್ನು ಮೊದಲು ಹೇಳಿಬಿಟ್ಟೆ, ಕ್ಷೇಮಸಮಾಚಾರ ಆಮೇಲೆ.

ಚೆನ್ನಾಗಿದ್ದೀಯಾ? ಮಾರ್ಕೋನಹಳ್ಳಿಯ ನಾಲೆ ಕೆಲಸ ಎಲ್ಲಿಗೆ ಬಂತು? ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಪೆನ್ನು ಹಿಡಿದಾಗಲೆಲ್ಲ ಬೈಗುಳವೇ ಬರುತ್ತಿತ್ತು, ಹರಿದು ಹಾಕುತ್ತಿದ್ದೆ. ಅವ್ವನ ಮಂಡಿನೋವು ಹಾಗೇ ಇದೆ. ಮೊನ್ನೆಯ ಮಳೆಗೆ ಹಿಂದಿನ ಶೀಟು ಸೋರಿತು. ಪಕ್ಕದ ಮನೆ ಮರಿಯಮ್ಮನ ಗಂಡ ಟಾರ್ಪಾಲು ಹೊದಿಸಿಕೊಟ್ಟ.

ನೀನು ಇಲ್ಲದಾಗ ನಡೆದದ್ದನ್ನು ಅತ್ತಿಗೆ ನಿನಗೆ ಅರ್ಧ ಹೇಳಿದ್ದಾಳೆ, ನಾನು ಪೂರ್ತಿ ಬರೆಯುತ್ತೇನೆ. ಅತ್ತಿಗೆ ಬಾಣಂತನ ಮುಗಿಸಿ ತವರು ಗುಬ್ಬಿಯಿಂದ ಬಂದಾಗ ಮಗು ಮಾನಸಾಳ ಲಸಿಕೆ ಬರೆಯುವ ‘ತಾಯಿ ಕಾರ್ಡೂ’ ಗುಬ್ಬಿಯದೇ ಆಗಿತ್ತು. ಒಂಬತ್ತು ತಿಂಗಳು ತುಂಬಿದಾಗ ಲಸಿಕೆಗೆಂದು ಇಲ್ಲಿನ ಆರೋಗ್ಯ ಕೇಂದ್ರಕ್ಕೆ ಹೋದಳು. ಸೂಪರ್‌ವೈಸರ್ ಮಹಾಲಿಂಗಯ್ಯ ಕಾರ್ಡು ತಿರುಗಿಸಿ ನೋಡಿ, ಇದು ನಮ್ಮ ಲೆಕ್ಕದ ಮಗುವಲ್ಲ, ಗುಬ್ಬಿಯಲ್ಲೇ ಹಾಕಿಸಿ ಎಂದ. ಮಗುವನ್ನು ಎತ್ತಿಕೊಂಡು ಗುಬ್ಬಿಗೆ ಹೋದಳು. ಮನೆ ತುಮಕೂರಿನಲ್ಲಿದ್ದರೆ ಅಲ್ಲೇ ಹಾಕಬೇಕು ಎಂದರು ಅವರು. ಮತ್ತೆ ಇಲ್ಲಿ ಬಂದರೆ ಅದೇ ಮಾತು. ನಮ್ಮ ಸಾಲಿನ ಸೊಸೆಯರೆಲ್ಲ ಚೊಚ್ಚಲ ಹೆರಿಗೆಗೆ ತವರಿಗೆ ಹೋದವರೇ ಅಲ್ಲವೇ? ಹಾಗಾದರೆ ಈ ಮಕ್ಕಳು ಯಾವ ಊರಿನವರು?

ಕೊನೆಗೆ ಮಗುವಿಗೆ ದಡಾರ ಬಂದಾಗ ಅವ್ವ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಅಮ್ಮ ಬಂದವ್ಳೆ, ಯಾರೂ ಒಳಗೆ ಬರಬಾರದು ಎಂದಳು. ಅವ್ವನ ಮೇಲೆ ನನಗೆ ಸಿಟ್ಟಿಲ್ಲ, ಅವಳಿಗೆ ಕಲಿಸಿದ್ದೇ ಅಷ್ಟು. ಆದರೆ ಆ ವಾರವೇ ಮಹಾಲಿಂಗಯ್ಯ ಲಸಿಕೆ ಸರ್ವೆಗೆ ಬಂದ. ಬೇವು ಕಂಡು ಬಾಗಿಲ ಹತ್ತಿರವೂ ಬರಲಿಲ್ಲ. ಬೀದಿ ಕಡೆಯ ಗೋಡೆಗೆ ಚಾಕ್‌ಪೀಸಿನಲ್ಲಿ ‘ಪೂರ್ಣ’, ಅಂದರೆ ಈ ಮನೆಯಲ್ಲಿ ಎಲ್ಲ ಲಸಿಕೆ ಆಗಿದೆ ಎಂದು ಗೀಚಿ ಮುಂದಿನ ಮನೆಗೆ ನಡೆದ. ಒಳಗೆ ನಿನ್ನ ಮಗು ಜ್ವರದಲ್ಲಿ ಬೇಯುತ್ತಿತ್ತು.

ನಾನು ಹಿಂದೆಯೇ ಓಡಿದೆ. ಯಾವ ಊರಿನ ಕಾರ್ಡಾದರೂ ಯಾವ ಕೇಂದ್ರದಲ್ಲಾದರೂ ಲಸಿಕೆ ಹಾಕಲೇಬೇಕು ಎಂದು ನಿಮ್ಮ ಕರಪತ್ರದಲ್ಲೇ ಇದೆಯಲ್ಲ ಎಂದು ಕೇಳಿದೆ. ಅವನ ಕೇಂದ್ರದ ಬಾಗಿಲಿಗೇ ಅಂಟಿಸಿರುವ ಕರಪತ್ರ ಅದು, ಅಣ್ಣ.

"ಏನಮ್ಮಾ, ಪಾಂಪ್ಲೆಟ್ ಓದಿ ಡಾಕ್ಟ್ರಾಗ್ಬುಟ್ಯಾ?" ಎಂದು ನಕ್ಕ.

ಆ ನಗುವನ್ನು ನಾನು ಎತ್ತಿಟ್ಟುಕೊಂಡಿದ್ದೇನೆ. ಸೋಮವಾರ ಹಿಂದಿರುಗಿಸುತ್ತೇನೆ.

ವಾರ್ಡಿನಲ್ಲಿ ಒಂದು ಮಗುವಿಗೂ ಲಸಿಕೆ ಬಿಟ್ಟುಹೋಗಿಲ್ಲವೆಂದು ಅವನಿಗೆ ಶಾಲು, ಪೇಟ, ಹಾರ. ಕೇಂದ್ರದ ಅಂಗಳದಲ್ಲೇ ಶಾಮಿಯಾನ. ನಮ್ಮ ಸಾಲಿನ ತಾಯಂದಿರು ಗುಬ್ಬಿ, ಕುಣಿಗಲ್ ಎಂದು ಎಲ್ಲೆಲ್ಲಿಯದೋ ಕಾರ್ಡು ಹಿಡಿದು ಮಕ್ಕಳ ಸಮೇತ ಮುಂದೆ ಕೂರುತ್ತಾರೆ. ಶಾಲು ಹೊದಿಸಿದ ಮೇಲೆ ಅತ್ತಿಗೆ ವೇದಿಕೆ ಹತ್ತಿ ಅವನ ಕೊರಳಿಗೆ ಬೇವಿನ ಹಾರ ಹಾಕುತ್ತಾಳೆ. ಬೇವು ನೋಡಿ ದೂರ ನಿಂತವನು ಅದನ್ನು ಹೊತ್ತು ನಿಲ್ಲಲಿ. ಆಮೇಲೆ ಆ ಕರಪತ್ರವನ್ನು ಅವನೇ ಮೈಕಿನಲ್ಲಿ ಓದಬೇಕು. ಹೀಗೇ ವಾಪಸ್ ಕಳಿಸಿದ ಉಳಿದ ಮಕ್ಕಳಿಗೆ ಲಸಿಕೆ ಹಾಕುವವರೆಗೆ ಅವನ ಬೈಕು ಗೇಟು ದಾಟುವುದಿಲ್ಲ.

ಮೊದಲು ಅವನ ಎರಡು ತೋಳಿಗೂ ಚುಚ್ಚಿಸೋಣ ಎನ್ನುತ್ತಾಳೆ ಮರಿಯಮ್ಮ. "ಬುಡು ಕಣೇ, ಆಫೀಸ್ನೋರ ತಂಟೆ ನಮಗ್ಯಾಕೆ" ಎನ್ನುವ ಅವ್ವ ಹಾರ ಕಟ್ಟಲು ಬಾಳೆನಾರು ಸೀಳಿ ಇಟ್ಟಿದ್ದಾಳೆ.

ನೀನು ಬರಲೇಬೇಕು. ಬರದಿದ್ದರೆ ಹೆಂಗಸರ ಗಲಾಟೆ ಎಂದು ನಮ್ಮನ್ನು ಗೇಟಿನಲ್ಲೇ ತಳ್ಳುತ್ತಾರೆ. ಅವ್ವ ನಿನ್ನ ತಲೆ ಸವರಿದೆನೆಂದು ಬರೆಯಲು ಹೇಳಿದಳು. ನನ್ನ ನಮಸ್ಕಾರ.

ನಿನ್ನ ತಂಗಿ,
ತನುಶ್ರೀ

ಮರೆತದ್ದಲ್ಲ, ಕೊನೆಗೆ ಉಳಿಸಿಕೊಂಡದ್ದು: ಇದನ್ನು ಫೋನಿನಲ್ಲಿ ಹೇಳಲಾರದೆಯೇ ಗಂಗರಾಜುವಿನ ಎಳನೀರು ಗಾಡಿಯಲ್ಲಿ ಕಾಗದ ಕಳಿಸುತ್ತಿದ್ದೇನೆ. ಸಂಜೆ ನೀನು ಫೋನ್ ಮಾಡಿದಾಗ ಅತ್ತಿಗೆ ಮೊಬೈಲನ್ನು ಮಗುವಿನ ಕಿವಿಗೆ ಹಿಡಿದು, "ನಗ್ತಾವ್ಳೆ ಕಣ್ರೀ, ನಿಮ್ ದನಿ ಗೊತ್ತಾಯ್ತು" ಎನ್ನುತ್ತಾಳಲ್ಲ, ಅದು ಸುಳ್ಳು. ದಡಾರ ಮಾನಸಾಳ ಎರಡು ಕಿವಿಯನ್ನೂ ತೆಗೆದುಕೊಂಡಿದೆ. ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು. ಅವಳು ನಗುವುದು ಮೊಬೈಲಿನ ಬೆಳಕಿಗೆ. ಅತ್ತಿಗೆಯನ್ನು ಬೈಯಬೇಡ, ನಾಲೆ ಕೆಲಸದಲ್ಲಿ ನಿನ್ನ ಕೈಕಾಲು ಆಡದೇ ಹೋದೀತೆಂದು ಮುಚ್ಚಿಟ್ಟಳು.

ಬಂದಾಗ ಮಗುವನ್ನು ಹಿಂದಿನಿಂದ ಕರೆಯಬೇಡ, ಎದುರಿಗೆ ಬಾ. ಸೋಮವಾರ ಬೆಳಿಗ್ಗೆ ಹತ್ತು ಗಂಟೆ, ಕೇಂದ್ರದ ಗೇಟಿನ ಮುಂದೆ.