ಅಗ್ನಿಲೇಖೆಗೆ ಹೊತ್ತ ತಂಬಿಟ್ಟಿನಾರತಿ

ನಂದಗುಡಿ
9 ಅಕ್ಟೋಬರ್ 2025

ಪ್ರೀತಿಯ ಪ್ರಮೋದಾಳಿಗೆ ಆಶೀರ್ವಾದಗಳು.

ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ಗೌರಿ ಹಬ್ಬಕ್ಕೆ ಮೊದಲು ನೀನು ಫೋನಿಗೆ ಕಳಿಸಿದ ಮೆಸೇಜಿಗೆ ದಸರಾ ಮುಗಿದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲೇ ಹೇಳಿಬಿಡೋಣವೆಂದು ನಂಬರ್ ಒತ್ತುವುದು, ರಿಂಗ್ ಆಗುವ ಮೊದಲೇ ಕಟ್ ಮಾಡುವುದು, ಹೀಗೇ ಆಯಿತು. ನಿನಗೆ ಗೊತ್ತಲ್ಲ, ಫೋನಿನಲ್ಲಿ ‘ಊಟ ಆಯ್ತಾ’ ಎಂದ ಮೇಲೆ ನನಗೆ ಮುಂದಕ್ಕೆ ಮಾತು ಹೊರಡುವುದಿಲ್ಲ. ಅದಕ್ಕೇ ಕಾಗದ ಹಿಡಿದು ಕೂತೆ.

ನೀನು ಕೇಳಿದ್ದು ನಾಲ್ಕು ಪುಸ್ತಕ. ಕಾರ್ತಿಕದಲ್ಲಿ ಭಾನುಪ್ರಕಾಶ್ ಜೊತೆ ನನ್ನ ಮದುವೆ, ದೊಡ್ಡಬಳ್ಳಾಪುರದ ಮನೆಯಲ್ಲಿ ಅವರು ಪುಸ್ತಕಕ್ಕೆಂದೇ ಕಪಾಟು ಮಾಡಿಸಿದ್ದಾರೆ, ‘ತೇಲುಕೋಟೆ’ ಕಾದಂಬರಿಯ ಐದನೆಯ ಭಾಗ ಒಂದೇ ನನ್ನ ಹತ್ತಿರವಿದೆ, ಉಳಿದ ನಾಲ್ಕನ್ನು ಕೊರಿಯರ್ ಮಾಡಿಸಿ ಎಂದಿದ್ದೆ. ನ್ಯಾಯವಾದ ಮಾತು. ನಾನು ತಡ ಮಾಡಿದ್ದು ಮರೆತು ಅಲ್ಲ. ನಮ್ಮ ಭೀಮರಾಜನಿಗೂ ನಿನಗೂ ಕೋರ್ಟಿನಲ್ಲಿ ವಿಚ್ಛೇದನವಾದ ವಾರವೇ ನಿಮ್ಮಣ್ಣ ಬಂದು ಬೀರು, ಮಂಚ, ಹೊಲಿಗೆ ಮಿಷನ್ನು ಎಲ್ಲವನ್ನೂ ಟೆಂಪೋಗೆ ತುಂಬಿಕೊಂಡು ಹೋದ. ಅಟ್ಟದ ಮೇಲಿದ್ದ ಈ ಪುಸ್ತಕಗಳು ಅವನ ಕಣ್ಣಿಗೆ ಬೀಳಲಿಲ್ಲ. ನಿನ್ನದು ಅಂತ ಈ ಮನೆಯಲ್ಲಿ ಉಳಿದದ್ದು ಅವು ಮಾತ್ರ. ಅವೂ ಹೋದರೆ ನಿನಗೂ ನಮಗೂ ಯಾವ ಸಂಬಂಧವೂ ಉಳಿಯುವುದಿಲ್ಲವಲ್ಲ ಎಂದು ಕೈ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೇನೆ.

ಇನ್ನೊಂದು ಕಾರಣವೂ ಇದೆ, ಕೇಳಿ ನಗಬೇಡ. ನಾನು ಅವನ್ನು ಓದುತ್ತಿದ್ದೆ.

ಯುಗಾದಿ ಕಳೆದ ಮೇಲೆ ನನ್ನ ಕಾಲು ಮುರಿಯಿತು. ಸರ್ವೀಸು ಪೂರ್ತಿ ಲೈನ್‌ಮನ್ ಆಗಿ ಮಳೆಯಲ್ಲಿ, ಗಾಳಿಯಲ್ಲಿ ಕಂಬ ಹತ್ತಿ ಇಳಿದವನು ಒಂದು ದಿನವೂ ಜಾರಲಿಲ್ಲ. ರಿಟೈರ್ ಆಗಿ ನಮ್ಮದೇ ಕೊಟ್ಟಿಗೆಯಲ್ಲಿ ಸಗಣಿಯ ಮೇಲೆ ಕಾಲಿಟ್ಟು ಬಿದ್ದೆ. ನೋಡಲು ಬಂದವರೆಲ್ಲ ನಕ್ಕು ಹೋದರು. ಪ್ಲಾಸ್ಟರ್ ಹಾಕಿಸಿಕೊಂಡು ಜಗುಲಿಯಲ್ಲಿ ಒರಗಿದವನಿಗೆ ಪೇಪರು ಒಂಬತ್ತು ಗಂಟೆಗೇ ಮುಗಿಯುತ್ತಿತ್ತು. ನಿಮ್ಮತ್ತೆ ರುಕ್ಮಿಣಮ್ಮ ನನ್ನ ಗೊಣಗಾಟ ತಾಳಲಾರದೆ ಅಟ್ಟದಿಂದ ಪುಸ್ತಕ ಇಳಿಸಿ ಮಡಿಲಿಗೆ ಹಾಕಿದಳು. “ಓದ್ಕೊಂಡು ಬಾಯ್ ಮುಚ್ಕೊಂಡಿರು,” ಎಂದಳು.

ಮೊದಲ ಪುಸ್ತಕ ಓದುವಾಗ ಸಿಟ್ಟೇ ಬಂತಮ್ಮ. ಒಂದು ಕೋಟೆ ಆಕಾಶದಲ್ಲಿ ತೇಲುತ್ತದಂತೆ. ಅದರಲ್ಲಿ ಎಣ್ಣೆಯಿಲ್ಲದೆ ಹಗಲೂ ರಾತ್ರಿ ಉರಿಯುವ ಸಾವಿರ ದೀಪವಂತೆ. ಸರಿ, ಉರಿಯಲಿ, ಒಂದಾದರೂ ಕೆಟ್ಟರೆ ಯಾರು ಹತ್ತಿ ರಿಪೇರಿ ಮಾಡುತ್ತಾರೆ? ಬರೆದವರು ಆ ಮಾತೇ ಎತ್ತುವುದಿಲ್ಲ. ಆ ಮಾಂತ್ರಿಕ ಉಗ್ರಾಕ್ಷನನ್ನು ಕಂಡರಂತೂ ನನಗಾಗುವುದಿಲ್ಲ. ಯುದ್ಧದಲ್ಲಿ ಜನ ಎಲ್ಲ ಸತ್ತ ಮೇಲೆ ಬೆಟ್ಟದಿಂದ ಇಳಿದು ಬಂದು ಕೋಲು ಎತ್ತುತ್ತಾನೆ, ಶತ್ರುಗಳೆಲ್ಲ ಭಸ್ಮ. ಆ ಕೋಲನ್ನು ಬೆಳಿಗ್ಗೆಯೇ ಎತ್ತಿದ್ದರೆ ಏನಾಗುತ್ತಿತ್ತು? ಕಂಪ್ಲೇಂಟ್ ಕೊಟ್ಟ ಮೂರನೆಯ ದಿನ ಬಂದು ದೊಡ್ಡಸ್ತಿಕೆ ಮಾಡುವ ಎಂಜಿನಿಯರುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಆದರೂ ಪುಸ್ತಕ ಕೆಳಗಿಡಲಾಗಲಿಲ್ಲ. ಸಂಜೆ ಹೊತ್ತು ಗಟ್ಟಿಯಾಗಿ ಓದತೊಡಗಿದೆ. ನಿಮ್ಮತ್ತೆ ರಾಗಿ ಕೇರುತ್ತಾ ಕೇಳುವಳು. ಪಕ್ಕದ ಮನೆಯ ಅಮ್ಮಯಮ್ಮ ಹಾಲು ಹಾಕಿ ಬಂದವಳು ಕ್ಯಾನು ಹಿಡಿದೇ ಕೂತುಬಿಡುವಳು. ರೆಕ್ಕೆಯ ಕುದುರೆಗಳು ಊರಿನ ಮೇಲೆ ಹಾರಿ ಹೋಗುವ ಕಡೆ ಎಷ್ಟು ಸೊಗಸಾಗಿ ಬರೆದಿದ್ದಾರೆ! ನಾನು ರಾಗ ಎಳೆದು ಓದುತ್ತಿದ್ದರೆ ಅಮ್ಮಯಮ್ಮ, “ಅಲ್ಲಣ್ಣ, ಅವು ಮೇಲಿಂದ ಲದ್ದಿ ಹಾಕಿದ್ರೆ ಯಾರ್ ತಲೆ ಮ್ಯಾಲೆ ಬೀಳ್ತದೆ?” ಎಂದು ಕೇಳಬೇಕೇ. ತೇಲುಕೋಟೆಯ ನೆರಳು ಬಿದ್ದು ಕಣಿವೆಯವರ ಪೈರು ಒಣಗುವ ಅಧ್ಯಾಯ ಬಂದ ದಿನ ನಮ್ಮ ಬೀದಿಯ ಬೈರೇಶ್ ಬಂದಿದ್ದ. ಈಗ ಅವನಿಗೆ ಸರ್ಕಾರ ಜಮೀನು ತೆಗೆದುಕೊಳ್ಳುವ ನೋಟೀಸು ಬಿಟ್ಟರೆ ಬೇರೆ ಮಾತಿಲ್ಲ. “ನೆರಳು ಬಿದ್ದಿದ್ದಕ್ಕೆ ಪರಿಹಾರ ಎಕ್ರೆಗೆ ಎಷ್ಟ್ ಕೊಟ್ರಂತೆ?” ಎಂದ. ಕೊಟ್ಟಿಲ್ಲ ಎಂದಾಗ ಕೋಟೆಯ ರಾಜನಿಗೆ ಅವನು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅಗ್ನಿಲೇಖೆ ಬಂದ ಮೇಲೆ ಈ ತಮಾಷೆಯೆಲ್ಲ ನಿಂತಿತು. ಕಣಿವೆಯ ಹುಡುಗಿ, ತೇಲುಕೋಟೆಗೆ ಸೊಸೆಯಾಗಿ ಹೋದವಳು. ಬಿದ್ದುಹೋಗುತ್ತಿದ್ದ ಕೋಟೆಯನ್ನು ಎತ್ತಿ ನಿಲ್ಲಿಸಿದವಳೇ ಅವಳು. ಗಂಡನಾದ ರಾಜಕುಮಾರ ಕನ್ನಡಿಯೊಳಗಿನ ಹೆಣ್ಣಿಗೆ ಮರುಳಾಗಿ ಇವಳ ಗುರುತೇ ಇಲ್ಲದವನಂತೆ ಓಡಾಡುತ್ತಾನೆ. ಆ ಅಧ್ಯಾಯ ಓದುವಾಗ ನಿಮ್ಮತ್ತೆ ಮೊರ ಪಕ್ಕಕ್ಕಿಟ್ಟಳು. ನಾನೂ ಅವಳ ಮುಖ ನೋಡಲಿಲ್ಲ, ಅವಳೂ ನನ್ನ ಮುಖ ನೋಡಲಿಲ್ಲ. ಭೀಮರಾಜ ಹೊಸಕೋಟೆಯಲ್ಲಿ ಇನ್ನೊಂದು ಸಂಸಾರ ಹೂಡಿದ ಸುದ್ದಿ ಬಂದ ದಿನ ನೀನು ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಾ ನಿಂತಿದ್ದೆಯಲ್ಲ, ಅದೇ ಇಬ್ಬರ ಕಣ್ಣ ಮುಂದೆ ಬಂತು.

ನನಗೆ ಆ ಐದು ಭಾಗಗಳಲ್ಲಿ, ಅಂದರೆ ಓದಿದ ನಾಲ್ಕರಲ್ಲಿ, ಎಲ್ಲರಿಗಿಂತ ಹೆಚ್ಚು ಹಿಡಿಸಿದವನು ಕೆಂಚ. ನಿನಗೆ ನೆನಪಿದೆಯೋ ಇಲ್ಲವೋ. ಕೋಟೆಯ ಸೇತುವೆಯ ಸರಪಳಿ ಎಳೆಯುವ ಮುದುಕ. ಅವನಿಗೆ ಒಂದೂವರೆ ಪುಟ ಕೊಟ್ಟು ಕೈ ತೊಳೆದುಕೊಂಡಿದ್ದಾರೆ. ಅಗ್ನಿಲೇಖೆ ಕೋಟೆ ಬಿಟ್ಟು ಹೊರಟಾಗ ಇರು ಎನ್ನುವುದಿಲ್ಲ, ಹೋಗು ಎನ್ನುವುದಿಲ್ಲ, ಸೇತುವೆ ಇಳಿಸಿ “ನೋಡಿಕೊಂಡು ಹೆಜ್ಜೆ ಇಡು ತಾಯಿ” ಎನ್ನುತ್ತಾನೆ. ಅಷ್ಟೇ ಅವನ ಮಾತು. ನೀನು ಹೊರಟ ದಿನ ನಿನ್ನ ಬ್ಯಾಗ್ ಹಿಡಿದು ಬಸ್ ಸ್ಟ್ಯಾಂಡಿನವರೆಗೆ ಬಂದ ನಾನು ಅಷ್ಟನ್ನೂ ಹೇಳಲಿಲ್ಲ; ಕಂಡಕ್ಟರನ ಹತ್ತಿರ ಚಿಲ್ಲರೆ ಇಸ್ಕೊ ಎಂದೆ. ಹೊಟ್ಟೆಯಲ್ಲಿ ಇದ್ದದ್ದು ಮಾತ್ರ ಕೆಂಚನ ಮಾತೇ.

ನಾಲ್ಕನೆಯ ಭಾಗ ಎಲ್ಲಿ ಮುಗಿಯುತ್ತದೆ ನಿನಗೇ ಗೊತ್ತು. ಅಗ್ನಿಲೇಖೆ ಬೆಂಕಿಯ ಹೊಳೆಗೆ ಇಳಿಯುತ್ತಾಳೆ, ಆಚೆ ದಡ ಕಾಣುವುದಿಲ್ಲ, ಪುಸ್ತಕ ಮುಗಿದೇಹೋಯಿತು. ನಿಮ್ಮತ್ತೆ ಕೂತಲ್ಲೇ ಸೆರಗು ಒಡ್ಡಿ ಕೈ ಮುಗಿದಳು. “ನಮ್ಮವ್ವ ಮಾರಮ್ಮ, ಈ ಮಗೀನ ಆಚೆ ದಡ ಸೇರ್ಸು, ತಂಬಿಟ್ಟಿನಾರತಿ ಹೊರ್ತೀನಿ,” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಐದ್ನೇದು ತೆಗಿ, ಓದು,” ಎಂದಳು.

“ಐದ್ನೇದು ಎಲ್ಲೈತೆ? ಪ್ರಮೋದಾ ತಗೊಂಡೋಗವ್ಳೆ.”

“ಹಂಗಾರೆ ಗತಿ?”

“ಯಾಕೆ ಹರಕೆ ಹೊತ್ಕೊಂಡೆ? ಅದು ಕತೆ ಕಣೆ. ಹುಡ್ಗಿ ಎಲ್ಲೂ ಇಲ್ಲ.”

“ಹರಕೆ ಹೊತ್ಕೊಂಡಾಯ್ತು. ಇಲ್ಲ ಅಂದ್ರೆ ಅಮ್ಮ ಕೇಳ್ತಾಳಾ?”

ಪುಸ್ತಕದ ಹುಡುಗಿಗೆ ಹರಕೆ ಹೊತ್ತವರು ಈ ಹೋಬಳಿಯಲ್ಲಿ ಇನ್ನೊಬ್ಬರಿಲ್ಲ. ನಾನು ರೇಗಿಸುವುದನ್ನು ಬಿಡಲಿಲ್ಲ. ಪೂಜಾರಿ ಹೆಸರು, ನಕ್ಷತ್ರ ಕೇಳಿದರೆ ಏನು ಹೇಳುತ್ತೀಯ ಎಂದರೆ, “ಬೆಂಕಿ ದಾಟೋಳ್ಗೆ ಯಾವ್ ನಕ್ಷತ್ರ ಆದ್ರೇನು?” ಎಂದಳು.

ಹೋದ ಮಂಗಳವಾರ ನಮ್ಮ ಬೀದಿಯ ಮಾರಮ್ಮನ ಆರತಿ. ಅಕ್ಕಿ ಹಿಟ್ಟು, ಬೆಲ್ಲ ಕಲಸಿ ತಂಬಿಟ್ಟಿನ ದೀಪ ಮಾಡಿ, ಹೂವು ಸುತ್ತಿ, ತಲೆಯ ಮೇಲೆ ಹೊತ್ತು ಹೊರಟಳು. ನಾನು ಕೋಲೂರಿಕೊಂಡು ಹಿಂದೆ. ಭೀಮರಾಜನೂ ಹೊಸಕೋಟೆಯಿಂದ ಬಂದಿದ್ದ, ಒಬ್ಬನೇ. ತೆಂಗಿನಕಾಯಿಯ ಬುಟ್ಟಿ ಅವನ ಕೈಯಲ್ಲಿತ್ತು. ಮನೆಯವರ ಹೆಸರೆಲ್ಲ ಆದ ಮೇಲೆ ಪೂಜಾರಿ ಹನುಮಂತರಾಯಪ್ಪ ಆ ದೀಪ ಎತ್ತಿಕೊಂಡು, “ಇದ್ಯಾರ್ ಹೆಸ್ರಲ್ಲವ್ವಾ?” ಎಂದ. ಈಗ ಅಗ್ನಿಲೇಖೆ ಎನ್ನುತ್ತಾಳೆ, ಬೀದಿಯವರೆಲ್ಲ ನಗುತ್ತಾರೆ ಎಂದು ನಾನು ತಲೆ ತಗ್ಗಿಸಿ ನಿಂತೆ.

“ಪ್ರಮೋದಾ,” ಎಂದಳು. ಮೆಲ್ಲಗಲ್ಲ, ಗಟ್ಟಿಯಾಗಿ.

ಹನುಮಂತರಾಯಪ್ಪ ಭೀಮರಾಜನ ಮುಖ ನೋಡಿದ. “ಬೇರೆ ಮನೆಗ್ ಹೋಗೋ ಹುಡ್ಗಿ ಹೆಸ್ರು ಇಲ್ಲ್ಯಾಕವ್ವಾ?” ಎಂದು ಮೆತ್ತಗೆ ಕೇಳಿದ. “ಹೋಗೋಳು ಅಂತ್ಲೇ ಹೇಳ್ತಿರೋದು. ದಾರೀಲಿ ಅವಳಿಗೇನೂ ಆಗಬಾರ್ದು, ಬೆಳಗಣ್ಣ,” ಎಂದಳು ನಿಮ್ಮತ್ತೆ. ಹನುಮಂತರಾಯಪ್ಪ ಬೆಳಗಿದ. ಭೀಮರಾಜ ಬುಟ್ಟಿಯಿಂದ ಕಾಯಿ ತೆಗೆದು ತಾನೇ ಒಡೆದ, ಪ್ರಸಾದ ತೆಗೆದುಕೊಂಡು ಬೈಕ್ ಹತ್ತಿದ. ಅವನ ಮನಸ್ಸಿನಲ್ಲಿ ಏನಿತ್ತೋ ನಾನು ಕೇಳಲು ಹೋಗಲಿಲ್ಲ.

ಮನೆಗೆ ಬಂದ ಮೇಲೆ ನಾಲ್ಕೂ ಪುಸ್ತಕಗಳ ಧೂಳು ಒರೆಸಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಹಗ್ಗ ಬಿಗಿದಿದ್ದೇನೆ. ನಾಳೆ ಹೊಸಕೋಟೆಗೆ ಹೋಗಿ ಕೊರಿಯರ್‌ಗೆ ಕೊಡುತ್ತೇನೆ. ಎರಡನೆಯ ಭಾಗದ ಮೇಲೆ ಸ್ವಲ್ಪ ಹಾಲು ಚೆಲ್ಲಿದೆ, ಅಮ್ಮಯಮ್ಮನ ಕೆಲಸ, ಭಾನುಪ್ರಕಾಶರಿಗೆ ಹೇಳು. ಪುಸ್ತಕಕ್ಕೆ ಕಪಾಟು ಮಾಡಿಸುವ ಮನುಷ್ಯ ಒಳ್ಳೆಯವನೇ ಇರಬೇಕು. ನನಗೆ ಸಮಾಧಾನವಾಯಿತು.

ಈ ಪುಸ್ತಕಗಳಿಗಾಗಿ ನಿನಗೆ ನಾನು ಋಣಿ, ಪ್ರಮೋದಾ. ನೀನು ಹೋದ ಮೇಲೆ ನಾನೂ ನಿಮ್ಮತ್ತೆಯೂ ಒಂದೇ ಮನೆಯಲ್ಲಿ ಮಾತಿಲ್ಲದೆ ಇದ್ದೆವು. ಮಗನನ್ನು ಬೈದರೆ ಅವಳಿಗೆ ನೋವು, ಬೈಯದಿದ್ದರೆ ನನಗೆ. ಮತ್ತೆ ನಮ್ಮ ಬಾಯಿ ಬಿಡಿಸಿದ್ದು ಈ ಆಕಾಶದ ಕೋಟೆ, ಹಾರುವ ಕುದುರೆ, ಆ ಹುಡುಗಿ. ಹೊರಡುವ ಗಡಿಬಿಡಿಯಲ್ಲಿ ಮರೆತು ಹೋದೆಯೋ, ಬೇಕೆಂದೇ ಬಿಟ್ಟೆಯೋ ಗೊತ್ತಿಲ್ಲ. ಹೇಗಾದರೂ ಆಗಲಿ, ನಮಗೆ ಒಳ್ಳೆಯದಾಯಿತು.

ಮದುವೆಗೆ ನಾವು ಬರುವುದು ಚೆನ್ನಾಗಿರುವುದಿಲ್ಲ, ಅಷ್ಟು ನಮಗೂ ತಿಳಿಯುತ್ತದೆ. ನೀನು ಕರೆಯಲಿಲ್ಲವೆಂದು ಒಂದು ಕ್ಷಣವೂ ಕೊರಗಬೇಡ. ನಿಮ್ಮತ್ತೆ ಕೇಳಿಕೊಂಡಿದ್ದು ಇಷ್ಟೇ: ಐದನೆಯ ಭಾಗ ಕಳಿಸಬೇಡ, ಅದು ನಿನ್ನ ಕಪಾಟಿನಲ್ಲಿರಲಿ, ಅಗ್ನಿಲೇಖೆ ದಡ ಸೇರಿದಳೋ ಇಲ್ಲವೋ, ಒಂದು ಸಾಲು ಬರೆ. ಅವಳು ಕೇಳುತ್ತಿರುವುದು ಪುಸ್ತಕದ ಹುಡುಗಿಯ ವಿಷಯ ಮಾತ್ರವಲ್ಲ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ನಿನ್ನ ಹೊಸ ಮನೆಯಲ್ಲಿ ನಗು ತುಂಬಿರಲಿ. ತಾಳಿ ಭಾಗ್ಯ ಗಟ್ಟಿಯಾಗಿರಲಿ, ಮಕ್ಕಳು ಮರಿಯಾಗಿ ಸುಖವಾಗಿ ಬಾಳು. ಸಂಜೆ ಹೊತ್ತು ಓದುವುದನ್ನು ಯಾರಿಗಾಗಿಯೂ ಬಿಡಬೇಡ.

ಸದಾ ನಿನ್ನ ಒಳಿತನ್ನೇ ಬಯಸುವ,
ರುಕ್ಮಿಣಮ್ಮ ಮತ್ತು ನಾನು

ತಾ. ಕ.: ಬರೆಯಬಾರದೆಂದಿದ್ದೆ, ಕವರು ಅಂಟಿಸುವ ಹೊತ್ತಿಗೆ ತಡೆಯಲಾಗಲಿಲ್ಲ. ನಿನ್ನ ಮೆಸೇಜಿನ ಮೊದಲ ಸಾಲಿನಲ್ಲಿ ‘ರಾಮಾಂಜಿನಪ್ಪನವರಿಗೆ ನಮಸ್ಕಾರ’ ಎಂದಿತ್ತು. ಬ್ಯಾಂಕಿನವರು, ಪಿಂಚಣಿ ಆಫೀಸಿನವರು ನನ್ನನ್ನು ಹಾಗೆ ಕರೆಯುತ್ತಾರೆ. ಈ ಮನೆಯಲ್ಲಿದ್ದಷ್ಟು ದಿನವೂ ನೀನು ‘ಮಾವ’ ಎಂದೆ. ಇನ್ನು ಆ ಮಾತು ದೊಡ್ಡಬಳ್ಳಾಪುರದ ಹಿರಿಯರಿಗೆ ಸೇರಿದ್ದು, ಅವರ ಪಾಲಿನದನ್ನು ನಾನು ಕೇಳುವುದಿಲ್ಲ. ಏನೆಂದು ಕರೆಯಬೇಕೋ ತಿಳಿಯದೆ ಹಾಗೆ ಬರೆದೆ ಎಂಬುದೂ ನನಗೆ ಅರ್ಥವಾಗುತ್ತದೆ. ಏನೂ ತೋಚದಿದ್ದರೆ ಏನನ್ನೂ ಕರೆಯದೆಯೇ ಬರೆ. ಹೆಸರು ಮಾತ್ರ ಬೇಡಮ್ಮ.