ಮುಳುಗಿಸಿದ ಮರಗಳ ಜಾಗ

ಮಿಂಟರ್ಸ್ ಫೆರಿ, ಅಲಬಾಮ
ಆಗಸ್ಟ್ 19, ಸೋಮವಾರ ಬೆಳಿಗ್ಗೆ

ಪ್ರೀತಿಯ ತಮ್ಮ ಹಾರ್ಲನ್,

"ಬಿಸಿಲು ನೆತ್ತಿಗೆ ಬಂದ್ರೆ ಮೀನು ದೂರ ಹೋಗಲ್ಲ, ಒಳಗೆ ಹೋಗುತ್ತೆ." ಮಾತು ಹೀಗೇ ಇತ್ತೋ, ಕೊನೆಯಲ್ಲಿ ಇನ್ನೇನಾದರೂ ಇತ್ತೋ ನೆನಪಾಗುತ್ತಿಲ್ಲ. ಇದನ್ನು ಅಪ್ಪ ಹೇಳಿದ್ದೆಂದೇ ನಂಬಿದ್ದೆ. ಆದರೆ ಶನಿವಾರದಿಂದ ಅದು ಅಪ್ಪನ ದನಿಯಲ್ಲಿ ಕೇಳಿಸುತ್ತಿಲ್ಲ. ಅಪ್ಪ ಇಷ್ಟುದ್ದ ಹೇಳುವವನೇ ಅಲ್ಲ. "ಮಾತು ನಿಲ್ಸು, ಗಾಳ ಹಾಕು" ಅನ್ನುವವನು.

ನಿನ್ನ ಸೊಂಟ ಹೇಗಿದೆ? ಆ ಕಬ್ಬಿಣದ ಹಗ್ಗಗಳನ್ನು ಒಬ್ಬನೇ ಎಳೆಯಬೇಡ, ನಲವತ್ತನಾಲ್ಕು ಅಂದರೆ ಹುಡುಗನಲ್ಲ. ನಿಮ್ಮ ಹಡಗಿನ ಹೊಸ ಅಡುಗೆಯವಳು ಮೆಕ್ಕೆಜೋಳದ ಬ್ರೆಡ್ಡಿಗೆ ಸಕ್ಕರೆ ಹಾಕುತ್ತಾಳೆಂದು ಬರೆದಿದ್ದೆಯಲ್ಲ, ಅವಳು ಇನ್ನೂ ತಿದ್ದಿಕೊಂಡಿಲ್ಲವೇ? ನಾನು ಚೆನ್ನಾಗಿದ್ದೇನೆ. ಕಾಲೇಜು ಶುರುವಾಗಲು ಇನ್ನೊಂದು ವಾರವಿದೆ. ನಿನ್ನ ನಾಯಿ ಸೆಕೆಗೆ ಸ್ನಾನದ ಮನೆಯ ನೆಲ ಬಿಟ್ಟು ಏಳುವುದಿಲ್ಲ. ನಿನ್ನೆ ಸಂಜೆ ನೀನು ಫೋನ್ ಮಾಡಿದಾಗ ಪಾತ್ರೆ ತೊಳೆಯುತ್ತಿದ್ದೆ ಅಂತ ಆಮೇಲೆ ಸಂದೇಶ ಕಳಿಸಿದೆನಲ್ಲ, ಅದು ಸುಳ್ಳು. ರಿಂಗಾಗುವ ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದೆ. ಅದಕ್ಕೇ ಈ ಪತ್ರ. ನಿಮ್ಮ ಹಡಗು ಮುಂದಿನ ಸಲ ದಡಕ್ಕೆ ಬಂದಾಗ ಕಂಪನಿಯವರು ಕೊಡುತ್ತಾರೆ.

ಶನಿವಾರ ಕ್ಲಬ್ಬಿನ ಮೀನು ಹಿಡಿಯುವ ಸ್ಪರ್ಧೆ ಇತ್ತು. ನಿನ್ನ ದೋಣಿಯಲ್ಲಿ ನಿನ್ನ ಬದಲು ನಾನು, ಜೊತೆಗೆ ಪಕ್ಕದ ಮನೆಯ ಮಿಸ್ಟರ್ ಓಡೆಲ್. ಎಂಥ ದಿನ ಅಂತೀಯ. ಮೋಡವಿಲ್ಲ, ಎಲೆ ಅಲುಗುವಷ್ಟು ಗಾಳಿಯಿಲ್ಲ. ಮೇಲೆಲ್ಲೋ ಮಳೆಯಾಗಿ ನೀರು ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿತ್ತು; ಮೊಣಕೈವರೆಗೆ ಅದ್ದಿದರೆ ಬೆರಳು ಕಾಣದು. ಹನ್ನೊಂದರ ಹೊತ್ತಿಗೆ ಎಲ್ಲರೂ ಆಳದ ಕಡೆ ಹೋದರು, ಕೆಲವರು ಸೇತುವೆಯ ಕೆಳಗೆ ದೋಣಿ ನಿಲ್ಲಿಸಿ ಟೊಮೆಟೊ ಸ್ಯಾಂಡ್‌ವಿಚ್ ತಿನ್ನುತ್ತ ಕೂತರು. ನಾನು ಮಾತ್ರ ಏಪ್ರಿಲ್‌ನಲ್ಲಿ ನೀನು ತೋರಿಸಿಕೊಟ್ಟಂತೆ ನಿನ್ನ ಗುಟ್ಟಿನ ಜಾಗ ಹುಡುಕಿದೆ. ಚರ್ಚಿನ ಬಿಳಿ ಶಿಖರ ದೋಣಿಮನೆಯ ಕೆಂಪು ತಗಡಿನ ಮೇಲೆ ಸರಿಯಾಗಿ ಕೂರುವವರೆಗೆ ಹೋದೆ, ಮುರಿದ ಓಕ್ ಕೊಂಬೆ ಆ ಶಿಖರವನ್ನು ಮುಚ್ಚುವಲ್ಲಿ ನಿಲ್ಲಿಸಿದೆ. ಮೋಟಾರು ದೂರದಲ್ಲೇ ಆರಿಸಿದ್ದೆ. ಹಬ್ಬ ಮುಗಿದ ಮೇಲೆ ಮೀನಿಗೆ ಆಸರೆಯಾಗಲೆಂದು ಜನವರಿಗೊಂದರಂತೆ ಮುಳುಗಿಸಿದ ಕ್ರಿಸ್‌ಮಸ್ ಮರಗಳು ಅಲ್ಲಿ ಐದಡಿ ನೀರಿನಲ್ಲಿ ಮಲಗಿವೆ, ಮೇಲಿಂದ ನೋಡಿದರೆ ಏನೂ ಇಲ್ಲ.

ಕಪ್ಪು ನೀಲಿ ಬಣ್ಣದ ದಪ್ಪ ಗಾಳ, ನೇರ ಕೆಳಕ್ಕೆ. ಆ ನೀರಿನಲ್ಲಿ ಬಾಸ್ ಮೀನಿಗೂ ಕಣ್ಣು ಕಾಣುವುದಿಲ್ಲ. ಕೊಂಬೆಗಳ ನಡುವೆ ನೆರಳು ದಟ್ಟವಾಗಿರುವ ಕಡೆ ಮೈ ಒತ್ತಿಕೊಂಡು ನಿಂತಿರುತ್ತದೆ, ಮೂತಿಗೆ ತಗುಲಿದರೆ ಮಾತ್ರ ಬಾಯಿ ತೆರೆಯುತ್ತದೆ. ಅದೇ ತೂತಿಗೆ ಹತ್ತು ಸಲ, ಹದಿನೈದು ಸಲ ಇಳಿಸಿದೆ. ಹದಿನಾರನೆಯ ಸಲ ಮೀನು ಕಚ್ಚಿ ದಾರ ತಾನಾಗಿ ಪಕ್ಕಕ್ಕೆ ನಡೆಯಿತು. ಒಂದೂವರೆ ಗಂಟೆಯಲ್ಲಿ ಐದು ಮೀನು. ಬಿಸಿನೀರಿನಲ್ಲಿ ಅವು ಸಾಯಬಾರದೆಂದು ಮಿಸ್ಟರ್ ಓಡೆಲ್ ತಾವು ಕುಡಿಯಲು ತಂದಿದ್ದ ಮಂಜುಗಡ್ಡೆಯನ್ನೆಲ್ಲ ಮೀನಿನ ತೊಟ್ಟಿಗೆ ಸುರಿದು, ಬಿಸಿಯಾದ ಕೋಲಾ ಕುಡಿದರು. "ನಿಮ್ಮಪ್ಪನಿಗೂ ಇಷ್ಟು ತಾಳ್ಮೆ ಇರಲಿಲ್ಲ, ಮಗಳೇ" ಅಂದರು. ಹೊಗಳಿಕೆ ನನ್ನ ನೆತ್ತಿಗೇರಿದ್ದು ಅಲ್ಲಿಂದಲೇ ಇರಬೇಕು.

ಹತ್ತೊಂಬತ್ತು ಪೌಂಡು ತೂಗಿದವು, ಹಾರ್ಲನ್. ಎಲ್ಲ ಜೀವಂತ. ಎರಡನೆಯವರದು ಹನ್ನೊಂದು. ಕ್ಲಬ್ಬಿನ ಲೂಥರ್ ಹ್ಯಾಗೂಡ್ ಮೈಕು ಹಿಡಿದು, ಪುಸ್ತಕ ಓದುವ ಮೇಡಂ ಇವತ್ತು ನಮ್ಮೆಲ್ಲರಿಗೂ ಮಣ್ಣು ಮುಕ್ಕಿಸಿದರು ಅಂತ ನಗಿಸಿ, ಎಂದಿನಂತೆ ಕೇಳಿದ: "ಎಲ್ಲಿ ಹಿಡಿದ್ರಿ?" ಉತ್ತರ ಊರಿಗೆಲ್ಲ ಗೊತ್ತು. "ಬಾಯಲ್ಲಿ" ಅನ್ನಬೇಕು, ಎಲ್ಲರೂ ನಗಬೇಕು, ಮೈಕು ಮುಂದಿನವರಿಗೆ ಹೋಗಬೇಕು. ನಲವತ್ತು ವರ್ಷದಿಂದ ಯಾರೂ ತಮ್ಮ ಜಾಗದ ಗುಟ್ಟು ಬಿಟ್ಟುಕೊಟ್ಟಿಲ್ಲ. ಏಪ್ರಿಲ್‌ನಲ್ಲಿ ನೀನೂ ಅಂದಿದ್ದೆ, "ಪಾದ್ರಿ ಕೇಳಿದ್ರೂ ಸುಳ್ಳು ಹೇಳು."

ನಾನು ನಿಜ ಹೇಳಿದೆ. ಶಿಖರ, ತಗಡು, ಓಕ್ ಕೊಂಬೆ, ಎಲ್ಲ. ಬರೀ ಹೇಳಲಿಲ್ಲ, ವರ್ಣಿಸಿದೆ. ಕಣ್ಣಿಗೆ ಕಾಣದ ಕಾಡು ಅಂದೆ, ಕೆಂಪು ನೀರಿನ ಕೆಳಗೆ ಹಬ್ಬಗಳೆಲ್ಲ ಒಂದರ ಮೇಲೊಂದು ಮಲಗಿವೆ ಅಂದೆ. ಜನ ಸುಮ್ಮನಾದರು. ತರಗತಿಯಲ್ಲಿ ಪದ್ಯವೊಂದು ಮುಟ್ಟಿದಾಗ ಹುಡುಗರು ಸುಮ್ಮನಾಗುತ್ತಾರಲ್ಲ, ಅದೇ ಮೌನ ಅಂದುಕೊಂಡೆ. ಅದು ಅಲ್ಲ ಅಂತ ತಿಳಿಯಲು, ಮಿಸ್ಟರ್ ಓಡೆಲ್ ಟೋಪಿ ತೆಗೆದು ಅದರ ಒಳಗೆ ನೋಡುತ್ತ ನಿಂತಿದ್ದನ್ನು ನಾನು ನೋಡಬೇಕಾಯಿತು. ಹಿಂದಿನಿಂದ ಯಾರೋ ಜಾಗವನ್ನು ಫೋನಿನಲ್ಲಿ ಗುರುತು ಹಾಕಿಕೊಳ್ಳುತ್ತ, "ಥ್ಯಾಂಕ್ಯೂ ಮೇಡಂ" ಅಂದ.

ನಿನ್ನೆ ಚರ್ಚು ಮುಗಿಸಿ ದಡಕ್ಕೆ ಹೋದೆ. ನಿನ್ನ ಜಾಗದಲ್ಲಿ ಒಂಬತ್ತು ದೋಣಿಗಳಿದ್ದವು. ಮೀನು ಸಿಗದ ಸಿಟ್ಟಿಗೋ, ದಾರ ಸಿಕ್ಕಿಕೊಂಡ ಸಿಟ್ಟಿಗೋ ಯಾರೋ ಎರಡು ಮರಗಳನ್ನು ಕೊಕ್ಕೆ ಹಾಕಿ ದಡಕ್ಕೆ ಎಳೆದುಬಿಟ್ಟಿದ್ದರು. ಕಪ್ಪಾದ ಕೊಂಬೆಗಳಿಗೆ ಬೇರೆಯವರ ಗಾಳಗಳು ಆಭರಣದ ಹಾಗೆ ನೇತಾಡುತ್ತಿದ್ದವು. ಒಂದರ ಬುಡದಲ್ಲಿ ಹಳದಿ ನೈಲಾನ್ ಹಗ್ಗ, ಹಗ್ಗದ ತುದಿಯಲ್ಲಿ ಸಿಮೆಂಟಿನ ಇಟ್ಟಿಗೆ, ಇಟ್ಟಿಗೆಯ ಮೇಲೆ ಕೆಂಪು ಬಣ್ಣದಲ್ಲಿ ನಿನ್ನ ಕೈಬರಹ: 2016. ನೀನು ಇಸವಿ ಬರೆಯುತ್ತೀಯೆಂದು ನನಗೆ ಗೊತ್ತಿರಲಿಲ್ಲ. ಆ ಇಟ್ಟಿಗೆಯನ್ನು ಮನೆಗೆ ತಂದಿದ್ದೇನೆ, ಹಿಂದಿನ ವರಾಂಡದಲ್ಲಿದೆ. ಒಳಗೆ ತರುವ ಧೈರ್ಯವಾಗಲಿಲ್ಲ. ಗೆದ್ದ ಫಲಕವನ್ನೂ ಅದರ ಪಕ್ಕದಲ್ಲೇ ಗೋಡೆಗೆ ಮುಖ ಮಾಡಿ ಇಟ್ಟಿದ್ದೇನೆ.

ಕ್ಷಮಿಸು ಅನ್ನಲು ಕೂಡ ನಾಚಿಕೆಯಾಗುತ್ತಿದೆ. ನೀನು ಬೈಯುವವನಲ್ಲ, ಒಂದೆರಡು ದಿನ ಸುಮ್ಮನಿದ್ದು ಆಮೇಲೆ ದೋಣಿಗೆ ಪೆಟ್ರೋಲು ಹಾಕಿಸಿದ್ದೀಯಾ ಅಂತ ಕೇಳುವವನು. ಅದೇ ನನಗೆ ಹೆಚ್ಚು ಭಯ. ಹೊಟ್ಟೆ ತುಂಬ ಉಣ್ಣು. ಮಂಜು ಕವಿದರೆ ಹಡಗಿನ ಅಂಚಿನಲ್ಲಿ ನಡೆಯಬೇಡ. ದೇವರು ನಿನ್ನನ್ನು ನದಿಯ ಎಲ್ಲ ತಿರುವುಗಳಲ್ಲೂ ಕಾಯಲಿ.

ನಿನ್ನ ಅಕ್ಕ,
ಮಾರ್ಲಾ

ಮರೆತದ್ದು: ಮರೆತದ್ದಲ್ಲ, ಬಿಟ್ಟದ್ದು. ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ, ಅಂಚೆಯವನು ಬರುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತೇನೆ. ಲೂಥರ್ ಇನ್ನೊಂದು ಪ್ರಶ್ನೆ ಕೇಳಿದ್ದ. ಆ ಮರಗಳನ್ನು ಮುಳುಗಿಸಿದವರು ಯಾರು ಅಂತ. "ನಾನು ಮತ್ತು ಅಪ್ಪ" ಅಂದೆ. ಅಪ್ಪ ಮುಳುಗಿಸಿದ್ದು ಎರಡು. ಅವನು ಹೋದ ಮೇಲಿನ ಹನ್ನೊಂದೂ ನಿನ್ನವು, ಒಂದರಲ್ಲೂ ನನ್ನ ಕೈಯಿಲ್ಲ. ಆ ಜನವರಿಗಳಲ್ಲೆಲ್ಲ ನಾನು ಕಾರಿನಲ್ಲಿ ಎರಡು ಗಂಟೆ ದೂರದ ಊರಲ್ಲಿ ಪದ್ಯ ಪಾಠ ಮಾಡುತ್ತ, ಚಳಿ ಅಂತ ಬರದೆ ಇದ್ದೆ. ಬಿಸಿಲಿನ ಆ ಮಾತನ್ನೂ ಅಪ್ಪನದೆಂದು ಮೈಕಿನಲ್ಲಿ ಹೇಳಿದೆ. ಅದು ನಿನ್ನದು. ಏಪ್ರಿಲ್‌ನಲ್ಲಿ, ಅದೇ ದೋಣಿಯಲ್ಲಿ ನೀನು ಹೇಳಿದ್ದು. ಪತ್ರ ಶುರು ಮಾಡುವಾಗಲೇ ಗೊತ್ತಿತ್ತು. ಮುಂದಿನ ಶನಿವಾರ ಕ್ಲಬ್ಬಿಗೆ ಹೋಗಿ ಇಷ್ಟನ್ನೂ ಅದೇ ಮೈಕಿನಲ್ಲಿ ಹೇಳುತ್ತೇನೆ, ವರ್ಣನೆಯಿಲ್ಲದೆ. ನಿನ್ನೆ ಸಂಜೆ ಮಿಸ್ಟರ್ ಓಡೆಲ್ ಬೆಂಡೆಕಾಯಿ ಕೊಡಲು ಬಂದಿದ್ದರು. ಹನ್ನೊಂದು ವರ್ಷವೂ ದೋಣಿಯ ಇನ್ನೊಂದು ತುದಿಯಲ್ಲಿ ಕೂತಿದ್ದವರು ಅವರೇ. ಮೈಕಿನ ಮಾತೇ ಎತ್ತಲಿಲ್ಲ. ಒಳಗೆ ಬನ್ನಿ ಅಂದರೂ ಬರದೆ, ವರಾಂಡದ ಇಟ್ಟಿಗೆಯನ್ನು ಒಮ್ಮೆ ನೋಡಿ, ಬಾಗಿಲಲ್ಲೇ ನಿಂತು ಹೇಳಿದರು: "ಜನವರೀಲಿ ನಮ್ಮನೆ ಕ್ರಿಸ್‌ಮಸ್ ಮರಾನೂ ಮುಳುಗಿಸೋಕೆ ನಿಂಗೇ ಕೊಡ್ತೀನಿ, ಮಗಳೇ. ಹಾರ್ಲನ್ ದೋಣಿ ಹಿಡೀಲಿ, ನೀನು ಆ ಚಳೀಲಿ ಕೈಗವಸು ಇಲ್ದೆ ಹಗ್ಗ ಕಟ್ಟು. ನೀರೊಳಗಿನ ಮರ ಯಾರವು ಅಂತ ಆಮೇಲೆ ನಿನ್ನನ್ನ ಕೇಳ್ತೀನಿ."