ಬರತೇನ್ರಿ ಸರ್

ಮೈಸೂರು
೧೭ ಆಗಸ್ಟ್ ೨೦೦೩

ಅವ್ವನಿಗೆ ದುರ್ಗಾಳ ನಮಸ್ಕಾರ.

ಪತ್ರ ತಡವಾಯಿತು, ಸಾರಿ. ನಾನು ಆರಾಮಿದ್ದೇನೆ. ಇಲ್ಲಿ ಸಾಂಬಾರಿಗೆ ಬೆಲ್ಲ ಹಾಕುತ್ತಾರೆ, ಅದೊಂದು ಬಿಟ್ಟರೆ ದೂರಿಲ್ಲ. ನೇಸರಗಿಯಲ್ಲಿ ಮಳೆ ಆಯಿತೇ?

ಪುಣೆ ಯಾಕೆ ತಪ್ಪಿತು ಅಂತ ನೀನು ಫೋನಿನಲ್ಲಿ ಕೇಳಿದೆ. ನನ್ನ ಹಿಂದೆ ಎಸ್‌ಟಿಡಿ ಬೂತಿನಲ್ಲಿ ಜನ ನಿಂತಿದ್ದರು, ಹೇಳಲಾಗಲಿಲ್ಲ. ಈಗ ಬರೆಯುತ್ತೇನೆ.

ಪಿಎಚ್.ಡಿ.ಗೆ ಎರಡೂ ಕಡೆ ಸೀಟು ಸಿಕ್ಕಿತ್ತು. ಮೈಸೂರಿನ ಫೆಲೋಶಿಪ್ ದೊಡ್ಡದು, ಆದರೆ ಹಾಸ್ಟೆಲಿನಲ್ಲಿ ಒಂದೇ ಮಂಚ. ಪುಣೆಯದು ಸಣ್ಣದು, ಆದರೆ ಅಡುಗೆಮನೆಯಿದ್ದ ಕ್ವಾರ್ಟರ್ಸ್. ನೀನು ಹೊಲಿಗೆ ಮಶೀನು ತಂದು ನನ್ನ ಜೊತೆ ಇರಬಹುದಿತ್ತು. ಪುಣೆಯ ಆಫರ್ ಹೇಳಿ ಮೈಸೂರಿನವರಿಂದಲೂ ಕ್ವಾರ್ಟರ್ಸ್ ಕೇಳೋಣ ಅಂತ ಇಲ್ಲಿಗೆ ಬಂದೆ. ನಮ್ಮ ಪಕ್ಕದ ಮನೆ ಜುಬೇದಾಬಿ ಚಾಚಿ ಹೇಳಿಕೊಟ್ಟಿದ್ದರಲ್ಲ: "ಸಂತ್ಯಾಗ ಬದನಿಕಾಯಿ ಕೊಳ್ಳೂವಾಗ ಹೆಂಗ, ಹಂಗ. ಒಪ್ಪಲಿಲ್ಲಂದ್ರ ಎದ್ದಬಿಡು, ಹಿಂದಿಂದ ತಾವ ಕರೀತಾರ."

ಇಲ್ಲಿಯ ಸರ್ ದಿಲ್ಲಿಯವರು. ಹೊಸದಾಗಿ ಕನ್ನಡ ಕಲಿತಿದ್ದಾರೆ, ಎಲ್ಲರ ಹತ್ತಿರವೂ ಕನ್ನಡವೇ. "ಕ್ವಾರ್ಟರ್ಸ್ ಇಲ್ಲ" ಅಂದರು. ನಾನು ಎದ್ದೆ. ಎದ್ದವಳು ಸುಮ್ಮನೆ ಹೊರಬೀಳಬಾರದಿತ್ತೇ? "ಬರತೇನ್ರಿ ಸರ್" ಅಂದೆ.

"ವೆರಿ ಗುಡ್, ಬನ್ನಿ ಬನ್ನಿ" ಅಂದರು.

ಅವರ ಪುಸ್ತಕದ ಕನ್ನಡದಲ್ಲಿ ಬರುತ್ತೇನೆ ಅಂದರೆ ಬರುವುದೇ. ಅದೇ ಸಂಜೆ ಪುಣೆಯ ಗೆಳೆಯರಿಗೆ ಫೋನ್ ಮಾಡಿ, ಹುಡುಗಿ ನಮ್ಮಲ್ಲಿಗೇ ಬರುತ್ತಾಳೆ ಅಂದಿದ್ದಾರೆ. ಪುಣೆಯ ಸೀಟು ಬೇರೆಯವರ ಪಾಲಾಯಿತು.

ಚಿಕ್ಕಂದಿನಿಂದ ಇದ್ದ ಶಾಲೆಯ ಹಾಸ್ಟೆಲಿನಲ್ಲಿ ನಾವು ಬೈ ಅನ್ನುತ್ತಿದ್ದೆವು. ಕನ್ನಡದಲ್ಲಿ ಎದ್ದು ಹೊರಡುವಾಗ ಏನನ್ನಬೇಕು ಅಂತ ನೀನು ಕಲಿಸಿದ್ದಷ್ಟೇ ನನಗೆ ಗೊತ್ತು. "ಹೋಗತೇನಿ ಅಂತಾರೇನ ಯಾರರ? ಒಳ್ಳೇದಲ್ಲ" ಅಂತ ಬಾಯಿ ಮೇಲೆ ಕೊಟ್ಟವಳು ನೀನೇ.

ಲ್ಯಾಬಿನವರು ಇದನ್ನು ಕೇಳಿ ನಗುತ್ತಾರೆ. ಚಾಚಿಗೂ ಹೇಳು. "ಇಷ್ಟ ಕಲತು ಬದನಿಕಾಯಿ ಕೊಳ್ಳಾಕ ಬರಲಿಲ್ಲ ನಿನ್ನ ಮಗಳಿಗೆ" ಅನ್ನುತ್ತಾರೆ, ಅನ್ನಲಿ. ಕಟ್ಟಿಟ್ಟ ಮಶೀನು ಬಿಚ್ಚಿ ಜೋಡಿಸು, ದಸರೆಗೆ ಬ್ಲೌಸ್ ಹೊಲಿಸುವವರು ಬರುತ್ತಾರೆ. ಬೆನ್ನಿಗೆ ಬಿಡುವು ಕೊಡು. ನನ್ನ ಮೇಲೆ ನಿನ್ನ ಆಶೀರ್ವಾದ ಇರಲಿ.

ನಿನ್ನ ಮಗಳು
ದುರ್ಗಾ

ತಾ.ಕ.: ಸೀಟು ಬೇರೆಯವರಿಗೆ ಕೊಡುವ ಮೊದಲು ಪುಣೆಯವರು ನನ್ನನ್ನೂ ಕೇಳಿದ್ದರು. ತಾಯಿ ಜೊತೆಗೆ ಬರುವುದಾದರೆ ಕ್ವಾರ್ಟರ್ಸ್ ಇನ್ನೂ ಖಾಲಿ ಇದೆ ಅಂದರು. ಆರು ವರ್ಷದವಳಿದ್ದಾಗಿನಿಂದ ನಾನು ನಿನ್ನ ಮನೆಗೆ ಹಾಸ್ಟೆಲಿನಿಂದ ರಜೆಗಷ್ಟೇ ಬಂದವಳು ಅವ್ವ. ರಜೆಯಲ್ಲದ ದಿನ ನೀನು ಹೇಗಿರುತ್ತೀ ಅಂತ ನನಗೆ ಗೊತ್ತಿಲ್ಲ. ಹೆದರಿಕೆಯಾಯಿತು. ಬೇಡ ಅಂದೆ.